ಅಳುವವರಿಗೆ ಹೇಳುವ ಮಾತು

ನಾನು ಡಿಗ್ರಿಗೆ ಸೈಕಾಲಜಿ ತೆಗೆದುಕೊಂಡಾಗ ಅಪ್ಪ ಒಂದು ವಾರ ಮಾತು ಬಿಟ್ಟರು. ಆಮೇಲೆ ತಾವೇ ಒಂದು ದಾರಿ ಕಂಡುಕೊಂಡು ಸಮಾಧಾನವಾದರು. “ಹುಚ್ಚರ ಸಹವಾಸ ಬ್ಯಾಡ. ಡಿಗ್ರಿ ಮುಗಿಸಿ ಎಂಬಿಎ ಮಾಡು. ಸೆಕ್ಟರ್ ಫೈವ್‌ನ ಐಟಿ ಕಂಪನಿಯೊಳಗ ಎಚ್‌ಆರ್ ಆಗು.” ರೈಲ್ವೆ ಆಫೀಸಿನ ಫೈಲಿಗೆ ಷರಾ ಬರೆಯುವ ಧಾಟಿಯಲ್ಲೇ ಮಗಳ ಬದುಕಿಗೂ ಷರಾ ಬರೆದರು.

ನನಗೆ ಎಚ್‌ಆರ್ ಬೇಕಿರಲಿಲ್ಲ. ನೊಂದವರ ಎದುರು ಕೂತು ಕೇಳುವ ಕೆಲಸ ಬೇಕಿತ್ತು. ಅದಕ್ಕೆ ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಎ. ಆಗಬೇಕು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕನ್ನಡ ಬಲ್ಲವರಿಗೆ ಆದ್ಯತೆ ಇತ್ತು, ಅಲ್ಲಿನ ಆಸ್ಪತ್ರೆಗೆ ಬರುವವರ ಜೊತೆ ಮಾತಾಡಬೇಕಲ್ಲ. ಅರ್ಜಿ ಹಾಕಿದೆ. ಬಂಗಾಲದ ಬೆಹಾಲಾದ ಫ್ಲ್ಯಾಟಿನಲ್ಲಿ ಹುಟ್ಟಿದಂದಿನಿಂದ ಕಿವಿಗೆ ಬಿದ್ದದ್ದು ಅವ್ವನ ಧಾರವಾಡದ ಕನ್ನಡವೇ, ಹಾಗಾಗಿ ಭಾಷೆ ನನ್ನದೇ ಎಂದುಕೊಂಡಿದ್ದೆ. ಇಲ್ಲಿ ಬೆಳೆದ ನಮ್ಮಂಥ ಮಕ್ಕಳೆಲ್ಲ ಹಾಗೆಯೇ ತಿಳಿದಿರುತ್ತೇವೆ. ಅಪ್ಪ ಮಾತ್ರ, “ಒಂದ ಸಲ ನೋಡು. ಸಿಗಲಿಲ್ಲಂದ್ರ ಎಂಬಿಎ,” ಅಂದರು.

ಅವ್ವ ಮೊಸರಿನಲ್ಲಿ ಕಲ್ಲು ಹುಡುಕುವವಳು. ನಾನು ಕನ್ನಡದಲ್ಲಿ ಬಾಯಿ ತೆರೆದರೆ ಸಾಕು, “ಬಂಗಾಲಿ ಮಂದಿ ಮಾತಾಡಿದಂಗ ಆತು,” ಎಂದು ನಗುವಳು. ಮನೆಗೆ ಬಂದವರ ಎದುರು ಅದೇ ಮಾತನ್ನು ಮತ್ತೆ ಹೇಳಿಸುವಳು, ಅವರೂ ನಗುವರು. ನಾನು ಕೇಳಿದ್ದೇ ಹೆಚ್ಚು, ಆಡಿದ್ದು ಕಡಿಮೆ.

ಸಂದರ್ಶನ ಆನ್‌ಲೈನ್‌ನಲ್ಲಿತ್ತು. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅವ್ವ ಬಾಗಿಲಾಚೆ ಸೊಪ್ಪು ಸೋಸುತ್ತಿದ್ದಳು. ಸೊಪ್ಪು ಬರೀ ನೆಪ, ಕಿವಿಯೆಲ್ಲ ಇತ್ತಲೇ. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ನೀರು ಕುಡಿದಷ್ಟು ಸುಲಭವಾಗಿ ಉತ್ತರಿಸಿದೆ. ಆಗ ಒಬ್ಬ ಪ್ರೊಫೆಸರ್ ನಗುತ್ತ ಅಂದರು: “ಇನ್ನು ಕನ್ನಡದಲ್ಲಿ. ನಾನು ಪರೀಕ್ಷೇಲಿ ಫೇಲಾಗಿ ಅಳ್ತಾ ಬಂದಿರೋ ಹುಡುಗಿ ಅಂದ್ಕೊಳ್ಳಿ. ಮಾತಾಡ್ಸಿ.”

ಸಮಾಧಾನದ ಕನ್ನಡ ಮಾತಿಗಾಗಿ ತಡಕಾಡಿದೆ. ಚಿಕ್ಕವಳಿದ್ದಾಗ ನಾನು ಅತ್ತರೆ ಕೆಳಗಿನ ಮನೆಯ ಕಾಕೀಮಾ ತಲೆ ಸವರಿ ಬಂಗಾಲಿಯಲ್ಲಿ ಸಮಾಧಾನ ಹೇಳುತ್ತಿದ್ದರು. ಕಾಲೇಜಿನಲ್ಲಿ ಕಲಿತ ಮೆತ್ತನೆಯ ವಾಕ್ಯಗಳೆಲ್ಲ ಇಂಗ್ಲಿಷಿನವು. ಅತ್ತಾಗ ಕನ್ನಡದಲ್ಲಿ ನಾನು ಕೇಳಿದ್ದು ಒಂದೇ ಮಾತು. ಅದೇ ಬಂತು, ಅವ್ವನ ದನಿಯಲ್ಲೇ: “ಅತ್ತರ ಏನ ಬರ್ತದ? ಎದ್ದು ಮಾರಿ ತೊಳ್ಕೋ.”

ಪರದೆಯಲ್ಲಿ ಪ್ರೊಫೆಸರ್ ಪಕ್ಕದಲ್ಲಿದ್ದವರೊಬ್ಬರು ಕಿಸಕ್ಕನೆ ನಕ್ಕರು. ಪ್ರೊಫೆಸರ್ ನಗಲಿಲ್ಲ. “ಅಳೋರನ್ನ ಗದರೋಕೆ ಅವರವರ ಮನೇಲೇ ಜನ ಇರ್ತಾರಮ್ಮ. ಅದಕ್ಕೆ ಎಂ.ಎ. ಬೇಕಾಗಲ್ಲ,” ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಪ್ಪನ ಷರಾದಂತೆ ನಾನೀಗ ಸೆಕ್ಟರ್ ಫೈವ್‌ನಲ್ಲಿ ಎಚ್‌ಆರ್. ಕೆಲಸ ಕಳೆದುಕೊಳ್ಳುವವರಿಗೆ ಸುದ್ದಿ ತಿಳಿಸುವುದು ನನ್ನ ಪಾಲಿಗೆ ಬಂದಿದೆ, ಅದನ್ನು ಚೆನ್ನಾಗಿಯೇ ಮಾಡುತ್ತೇನೆ. ಇದನ್ನು ಬರೆಯುತ್ತಿರುವ ಕನ್ನಡವನ್ನು ಆಮೇಲೆ ಛಲಕ್ಕೆ ಬಿದ್ದು ಕಲಿತೆ.

ಅಂದು ಲ್ಯಾಪ್‌ಟಾಪ್ ಮುಚ್ಚುತ್ತಲೇ ಅವ್ವ ಸೊಪ್ಪಿನ ಬುಟ್ಟಿ ಹಿಡಿದುಕೊಂಡೇ ಒಳಗೆ ಬಂದಳು.

“ಅವ್ರು ಹಂಗ್ಯಾಕ ಅಂದ್ರು? ನೀ ಅಂದದ್ದರಾಗ ತಪ್ಪೇನದ?”

ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

“ಅಳೋರಿಗೆ ಹಂಗ ಅನಬಾರದು. ಅದು ನಿನ್ನ ಮಾತು. ನಿನ್ನಿಂದನ ನನ್ನ ಸೀಟು ಹೋತು.”

ಅವ್ವ ಮಂಚದ ತುದಿಯಲ್ಲಿ ಕೂತಳು. “ಹಂಗಾರ ಏನ ಅನಬೇಕಿತ್ತು? ನೀ ಕಲತಾಕಿ, ಹೇಳು.”

ಪಾಠದ ವಾಕ್ಯವೊಂದನ್ನು ಇಂಗ್ಲಿಷಿನಲ್ಲಿ ಹೇಳಿದೆ.

“ಕನ್ನಡದಾಗ ಹೇಳು.”

ಹೇಳಲು ಬರಲಿಲ್ಲ.

“ನನಗರ ಯಾರ ಅಂದಾರ?” ಎಂದಳು ಅವ್ವ. ಅವಳು ಅಳುವುದನ್ನು ನಾನು ಮೊದಲ ಸಲ ನೋಡಿದೆ. ಸೊಪ್ಪು ನೆಲಕ್ಕೆ ಬಿತ್ತು, ಅವಳು ಎತ್ತಿಕೊಳ್ಳಲಿಲ್ಲ. ಪಕ್ಕದಲ್ಲೇ ಕೂತಿದ್ದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

“ಅತ್ತರ ಏನ ಬರ್ತದ?” ಅಂದೆ. “ಎದ್ದು ಮಾರಿ ತೊಳ್ಕೋ.”

ಅವ್ವ ನನ್ನ ಮುಖ ನೋಡಿದಳು. ಎದ್ದು ಬಚ್ಚಲಿಗೆ ಹೋದಳು, ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನನ್ನ ಕನ್ನಡದಲ್ಲಿ ಅವಳು ತಪ್ಪು ಹುಡುಕದ ಮೊದಲ ಮಾತು ಅದು.