ನೆರೆಯವರು ಕೇಳಿ ಪಡೆದ ಬೀಗದ ಕೈ

ಮರಕ್ಕಡವಿನ ನಮ್ಮ ಡಿಸ್ಪೆನ್ಸರಿಯನ್ನು ಮುಚ್ಚಬೇಕಾಗಬಹುದು ಎಂದು ಕಳೆದ ವರ್ಷ ಕ್ರಿಸ್ಮಸ್ ಮುಗಿದ ವಾರ ಕನ್ಯಾಮಠದ ಮದರ್ ನನ್ನನ್ನು ಕರೆಸಿ ಹೇಳಿದರು. ಅದು ಉಳಿದರೆ ನಡೆದದ್ದನ್ನೆಲ್ಲ ವಿಶ್ವಾಸಿ ಬಂಧುಗಳಿಗೆ ಬರೆದು ತಿಳಿಸುತ್ತೇನೆಂದು ಸಂತ ಜೋಸೆಫರಿಗೆ ಹರಕೆ ಹೊತ್ತೆ. ಆ ಹರಕೆಯನ್ನು ಈಗ ತೀರಿಸುತ್ತಿದ್ದೇನೆ.

ನನ್ನ ಹೆಸರು ಫಿಲೋಮಿನಾ. ಹುಟ್ಟಿದ್ದು ಎಚ್.ಡಿ. ಕೋಟೆಯ ಕಡೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದು ನಿವೃತ್ತಳಾದ ಮೇಲೆ, ಕಬಿನಿ ಹೊಳೆ ದಾಟಿ ಮಲಯಾಳ ಸೀಮೆಯ ಈ ದಡದಲ್ಲಿ ತಂಗಿಯ ಮನೆಯ ಪಕ್ಕ ನೆಲೆಸಿದೆ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಸರಿಪಡಿಸಬೇಕು, ಜಪಮಾಲೆ ಮುಗಿಸಬೇಕು, ಆಮೇಲೆ ಕಾಫಿ. ನರ್ಸಿಂಗ್ ಶಾಲೆಯಲ್ಲಿ ಕಲಿತ ಈ ಕ್ರಮವನ್ನು ಇಂದಿಗೂ ಬಿಟ್ಟಿಲ್ಲ.

ಮುಚ್ಚುವ ಮಾತಿಗೆ ಕಾರಣ ಸರಳವಾಗಿತ್ತು. ಮಠಕ್ಕೆ ಹೊಸ ಹುಡುಗಿಯರು ಬರುತ್ತಿಲ್ಲ, ಇರುವ ಸಿಸ್ಟರ್‌ಗಳಿಗೆ ವಯಸ್ಸಾಗಿದೆ. ಡಿಸ್ಪೆನ್ಸರಿಯನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಆಗ್ನೆಸ್ ಅವರಿಗೇ ಮಂಡಿನೋವು. ನಮ್ಮಲ್ಲಿ ವಾರಕ್ಕೊಮ್ಮೆ ಡಾಕ್ಟರ್ ಬರುತ್ತಾರೆ. ಉಳಿದ ದಿನ ಗಾಯಕ್ಕೆ ಕಟ್ಟು, ಸಕ್ಕರೆ ಕಾಯಿಲೆಯವರಿಗೆ ಔಷಧ, ಮಲಗಿದಲ್ಲೇ ಇರುವವರ ಮನೆಗಳಿಗೆ ಭೇಟಿ. ಹೊಳೆಯ ಆಚೆಯಿಂದ ಕನ್ನಡದವರೂ ದೋಣಿಯಲ್ಲಿ ಬರುತ್ತಾರೆ. ಬಾಗಿಲು ಮುಚ್ಚಿದರೆ ಹಾಸಿಗೆ ಹಿಡಿದವರನ್ನು ಹೊತ್ತುಕೊಂಡು ಯಾರು ಮಾನಂತವಾಡಿಯ ಆಸ್ಪತ್ರೆಗೆ ಹೋಗುತ್ತಾರೆ?

ಮದರ್ ಹೇಳಿದರು: "ಶ್ರೀಸಾಮಾನ್ಯರಲ್ಲೇ ಮುಂದಾಳುಗಳು ತಯಾರಾಗಲಿ, ಫಿಲೋಮಿನಾ. ನೀವು ತರಬೇತಿ ಕೊಡಿ. ಮಾರ್ಚಿನಲ್ಲಿ ಸಂತ ಜೋಸೆಫರ ಹಬ್ಬದ ಹೊತ್ತಿಗೆ ಬಂದು ನೋಡುತ್ತೇನೆ. ಸಂಬಳದ ಕೆಲಸದವರು ಎಲ್ಲಿ ಬೇಕಾದರೂ ಸಿಗುತ್ತಾರೆ. ಇದು ನಮ್ಮ ಸೇವೆ ಎಂದು ಹೊತ್ತುಕೊಳ್ಳುವವರು ಬೇಕು."

ಧರ್ಮಕೇಂದ್ರದಿಂದ, ಅಂದರೆ ನಮ್ಮ ಚರ್ಚಿಗೆ ಸೇರಿದ ಮನೆಗಳಿಂದ, ಆರು ಮಂದಿ ಬಂದರು. ಇಬ್ಬರನ್ನು ಹೇಳಿದರೆ ಸಾಕು. ಮೇರ್ಸಿ ಬಟ್ಟೆ ಹೊಲಿಯುವವಳು. ತಾಯಿ ಆಚೆ ದಡದವರಾದ್ದರಿಂದ ಅವಳಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಪೌಲೋಸ್ ಜೀಪ್ ಓಡಿಸುತ್ತಾನೆ. ಹಾಸಿಗೆ ಹುಣ್ಣು ತೊಳೆಯುವುದು, ರೋಗಿಯ ಬಳಿ ಪ್ರಾರ್ಥಿಸುವುದು, ಮನೆಯವರ ಜೊತೆ ಮಾತಾಡುವುದು, ಎಲ್ಲವನ್ನೂ ಕಲಿಸಿದೆ. ಬೇಗ ಕಲಿತರು. ತೀರ್ಮಾನ ಮಾತ್ರ ಒಬ್ಬರೂ ತೆಗೆದುಕೊಳ್ಳುತ್ತಿರಲಿಲ್ಲ. ಸಿಸ್ಟರ್ ಆಗ್ನೆಸ್ ಶಿಲುಬೆಯ ಗುರುತು ಹಾಕದೆ ಪ್ರಾರ್ಥನೆ ಶುರುವಾಗದು. ಬೀಗದ ಕೈ ಅವರ ಸೊಂಟದಲ್ಲೇ.

ಒಂದು ದಿನ ಸಿಸ್ಟರ್ ಪುಲ್ಪಳ್ಳಿಯ ಬ್ಯಾಂಕಿಗೆ ಹೋಗಿದ್ದರು. ಹೋಗುವಾಗ ಬೀಗದ ಕೈಗೊಂಚಲನ್ನು ಮೇಜಿನ ಮೇಲೇ ಇಟ್ಟಿದ್ದರು. ಕಾಲಿಗೆ ಕೊಡಲಿ ತಾಗಿದ ಒಬ್ಬ ಕೂಲಿಯಾಳು ಬಂದ. ನಾನು ಹೋಗಿ ನೋಡಿದರೆ ಅವನ ಕಾಲಿಗೆ ಟವೆಲ್ ಸುತ್ತಿ, ಆರೂ ಮಂದಿ ಬಸ್ಸಿನ ದಾರಿ ನೋಡುತ್ತಾ ಕೂತಿದ್ದರು.

"ಔಷಧದ ಕಪಾಟು ಯಾಕೆ ತೆಗೀಲಿಲ್ಲ?" ಎಂದೆ.

"ಸಿಸ್ಟರ್ ಬರ್ಲಿ ಅಂತ," ಎಂದಳು ಮೇರ್ಸಿ, ನೆಲ ನೋಡುತ್ತಾ.

"ಬಸ್ ಇವತ್ತು ಬರ್ದೇ ಇದ್ರೆ?"

ಪೌಲೋಸ್ ತಲೆ ಕೆರೆದುಕೊಂಡ. "ಜೀಪಲ್ಲಿ ಹೋಗಿ ಕರ್ಕೊಂಡು ಬರ್ತಿದ್ದೆ, ಮೇಟ್ರನಮ್ಮಾ."

ಕಟ್ಟು ನಾನೇ ಕಟ್ಟಿದೆ. ಅಂದಿನಿಂದ ಸಂತ ಜೋಸೆಫರಿಗೆ ನವದಿನ ಪ್ರಾರ್ಥನೆ ಹಿಡಿದೆ. ಒಬ್ಬ ಮುಂದಾಳನ್ನಾದರೂ ಕೊಡಿಸಿ ಎಂಬುದೊಂದೇ ಬೇಡಿಕೆ. ಆ ನವದಿನ ಮುಗಿಯುವ ಮೊದಲೇ ಡಿಸ್ಪೆನ್ಸರಿಯ ಜಗಲಿ ತೊಳೆಯುವಾಗ ಸೋಪಿನ ನೀರಿಗೆ ಜಾರಿ ಬಿದ್ದೆ. ಕಣಕಾಲಿನ ಮೂಳೆ ಮುರಿಯಿತು.

ಪೌಲೋಸ್ ಮಾನಂತವಾಡಿಯ ಆಸ್ಪತ್ರೆಗೆ ಒಯ್ದ. ಆಪರೇಷನ್ ಆಯಿತು, ಪ್ಲಾಸ್ಟರ್ ಹಾಕಿದರು. ಊತ ಇಳಿಯದೆ ಬಿಡುವುದಿಲ್ಲ ಎಂದರು. ಜೀವಮಾನವೆಲ್ಲ ವಾರ್ಡಿನಲ್ಲಿ ನಡೆದಾಡಿದವಳಿಗೆ ವಾರ್ಡಿನಲ್ಲಿ ಮಲಗಿರುವುದು ಹೊಸದು. ಸಿಸ್ಟರ್ ಆಗ್ನೆಸ್ ಎರಡು ಬಸ್ಸು ಬದಲಿಸಿ, ಕುಂಟುತ್ತಾ ನೋಡಲು ಬಂದರು. "ತರಗತಿ ನಿಂತಿದೆ," ಎಂದರು. "ನೀವಿಲ್ಲ ಅಂತ ಯಾರೂ ಬರ್ತಿಲ್ಲ." ಅವರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ. ಒಬ್ಬರನ್ನು ಕೊಡು ಎಂದು ಕೇಳಿದರೆ ಇದ್ದ ಒಬ್ಬಳನ್ನೂ ಕೆಡವಿದೆಯಲ್ಲ ಪ್ರಭು, ಎಂದೆ. ಜಪಮಾಲೆಯನ್ನು ದಿಂಬಿನ ಅಡಿಗೆ ತಳ್ಳಿದೆ. ಅಷ್ಟು ನಿರಾಸೆ ನನಗೆ ಹಿಂದೆಂದೂ ಆಗಿರಲಿಲ್ಲ.

ಬಿಡುಗಡೆಯಾದದ್ದು ಹಬ್ಬದ ಹಿಂದಿನ ದಿನ. ಮದರ್ ಬರುವ ದಿನವೂ ಅದೇ. ಪೌಲೋಸ್ ಜೀಪ್ ತಂದಿದ್ದ. ಪುಲ್ಪಳ್ಳಿ ತಲುಪುವಷ್ಟರಲ್ಲಿ ಅವನ ಫೋನ್ ಬಡಿಯಿತು. ನಾವು ಮನೆಗೆ ಹೋಗಿ ನೋಡಿಕೊಳ್ಳುತ್ತಿದ್ದ ಮುದುಕರು, ದೇವಸ್ಸಿ ಅಪ್ಪಚ್ಚನ್, ತೀರಿಕೊಂಡಿದ್ದರು.

"ಮೇಟ್ರನಮ್ಮಾ, ನಿಮ್ಮನ್ನ ಮನೇಲಿ ಬಿಟ್ಟು ಹೋಗೋಕೆ ಈಗ ಹೊತ್ತಿಲ್ಲ," ಎಂದ. "ಶವದ ಫ್ರೀಜರ್ ಇಲ್ಲಿಂದ್ಲೇ ತಗೊಂಡು ಹೋಗ್ಬೇಕು. ನೀವೂ ಅಲ್ಲಿಗೇ ಬನ್ನಿ."

"ಯಾರು ತರೋಕೆ ಹೇಳಿದ್ರು?"

"ಇದನ್ನ ಯಾರಾದ್ರೂ ಹೇಳ್ಬೇಕಾ?"

ಹಿಂದೆ ಫ್ರೀಜರ್, ಮುಂದೆ ನಾನು ಮತ್ತು ನನ್ನ ಪ್ಲಾಸ್ಟರ್ ಕಾಲು. ಹೀಗೆ ಸಾವಿನ ಮನೆ ತಲುಪಿದೆವು. ಅಂಗಳಕ್ಕೆ ಆಗಲೇ ನೀಲಿ ಟಾರ್ಪಾಲಿನ್ ಏರಿತ್ತು. ಒಳಗೆ ಅಪ್ಪಚ್ಚನ ಹೆಂಡತಿ ಅಮ್ಮಚ್ಚಿ ಅಳುತ್ತಾ ಕೂತಿದ್ದರು. ಚರ್ಚಿನ ಹಾಲ್‌ನಿಂದ ಕುರ್ಚಿಗಳು ಬರುತ್ತಿದ್ದವು. ಗುಂಡಿ ತೋಡುವವರು ಸಮಾಧಿಭೂಮಿಗೆ ಹೋಗಿಯಾಗಿತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಪಕ್ಕದ ಮನೆಯಲ್ಲಿ ಗಂಜಿ ಬೇಯುತ್ತಿತ್ತು. ಇದರ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದವಳು ಮೇರ್ಸಿ. ಅವಳ ಧ್ವನಿ ಅಷ್ಟು ದೊಡ್ಡದೆಂದು ನನಗೆ ಅಂದೇ ಗೊತ್ತಾದದ್ದು.

"ಮಗಳು ಕಣ್ಣೂರಿಂದ ಬರೋವರೆಗೂ ಪೆಟ್ಟಿಗೆ ಮುಚ್ಚೋದು ಬೇಡ. ಅಮ್ಮಚ್ಚಿಗೆ ಪ್ರೆಶರ್ ಮಾತ್ರೆ ಕೊಟ್ಟಾಯ್ತಾ? ಮೇಟ್ರನಮ್ಮಾ, ನೀವು ಏಳ್ಬೇಡಿ. ಆ ಸ್ಟೂಲ್ ಮೇಲೆ ಕಾಲಿಟ್ಟು ಕೂತ್ಕೊಳ್ಳಿ."

ನಾನು ಕೂತೆ.

ಅಷ್ಟರಲ್ಲಿ ಮದರ್ ಬಂದರು. ಡಿಸ್ಪೆನ್ಸರಿಗೆ ಬೀಗ ಬಿದ್ದಿರುವುದನ್ನು ನೋಡಿಕೊಂಡೇ ಬಂದಿದ್ದರು; ಸಿಸ್ಟರ್ ಆಗ್ನೆಸ್ ಬೀಗ ಹಾಕಿ ಪ್ರಾರ್ಥನೆಗೆ ಇಲ್ಲಿಗೆ ಬಂದಿದ್ದರು. ಮದರ್ ಮುಖ ಬಿಗಿದಿತ್ತು. ಎಲ್ಲ ಮುಗಿಯಿತು ಎಂದುಕೊಂಡೆ.

"ಮದರ್, ದಾರೀಲಿ ನಿಂತ್ಕೋಬೇಡಿ, ಪೆಟ್ಟಿಗೆ ಬರ್ತಿದೆ," ಎಂದಳು ಮೇರ್ಸಿ. "ಅಲ್ಲಿ ಮೇಟ್ರನಮ್ಮನ ಪಕ್ಕ ಕೂತ್ಕೊಳ್ಳಿ. ಕಟ್ಟನ್ ಚಾಯ ಕುಡೀರಿ." ಹಾಲಿಲ್ಲದ ಆ ಕಪ್ಪು ಚಹಾ ಹಿಡಿದು ಮದರ್ ನನ್ನ ಪಕ್ಕ ಕೂತರು. ತುಂಬಾ ಹೊತ್ತು ನೋಡುತ್ತಲೇ ಇದ್ದರು. ಆಮೇಲೆ ಮೇರ್ಸಿಯನ್ನು ಕರೆದರು.

"ಇಲ್ಲಿ ಉಸ್ತುವಾರಿ ಯಾರದ್ದು?"

"ಯಾರದ್ದೂ ಅಲ್ಲ, ಮದರ್. ಮನೆಯವ್ರು ಅಳ್ತಾ ಕೂತಿದ್ದಾರೆ, ಅವ್ರ ಕೈಲಿ ಆಗುತ್ತಾ? ನೆರೆಯವ್ರು ನೋಡ್ಬೇಕು."

"ಮತ್ತೆ ಡಿಸ್ಪೆನ್ಸರಿಯಲ್ಲಿ ಯಾಕೆ ಹೀಗೆ ನೋಡೋದಿಲ್ಲ?"

ಮೇರ್ಸಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅದು ನಿಮ್ಮ ಮನೆಯಲ್ವಾ? ಮನೆಯವ್ರು ಗಟ್ಟಿಮುಟ್ಟಾಗಿ ಓಡಾಡ್ತಿರೋವಾಗ ಅವ್ರ ಅಡಿಗೆಮನೆಗೆ ನುಗ್ಗಿ ಪಾತ್ರೆ ಮುಚ್ಚಳ ಯಾರು ತೆಗೀತಾರೆ?"

ಮಗಳು ಬಂದ ಮೇಲೆ, ಸಂಜೆ ಮಣ್ಣು ಕೊಟ್ಟು ಬಂದವರೆಲ್ಲ ಟಾರ್ಪಾಲಿನ್ ಅಡಿ ಗಂಜಿ ಉಣ್ಣುತ್ತಿದ್ದಾಗ ಮದರ್ ಎದ್ದು ನಿಂತರು.

"ನಿಮಗೆಲ್ಲ ಒಂದು ಮಾತು ಹೇಳಬೇಕು," ಎಂದರು. "ನಮ್ಮ ಮಠವನ್ನೂ ಒಂದು ಸಾವಿನ ಮನೆ ಎಂದು ತಿಳಿದುಕೊಳ್ಳಿ. ನಾವು ಗಟ್ಟಿಯಾಗಿದ್ದೇವೆ ಎಂದು ನೀವು ಅಂದುಕೊಂಡಿದ್ದೀರಿ. ನಮ್ಮ ನಂತರ ಮಕ್ಕಳಿಲ್ಲ. ನಮ್ಮ ಕೈಲಿ ಆಗುತ್ತಿಲ್ಲ. ಇದನ್ನು ನಿಮಗೆ ಹೇಳಲು ನಾಚಿಕೆಯಾಗಿ ಇಷ್ಟು ದಿನ ಸುಮ್ಮನಿದ್ದೆವು."

ಯಾರೂ ತುತ್ತು ಎತ್ತಲಿಲ್ಲ. ಸಿಸ್ಟರ್ ಆಗ್ನೆಸ್ ಕಣ್ಣೊರೆಸಿಕೊಂಡರು.

ಪೌಲೋಸ್ ಮೆಲ್ಲಗೆ ಹೇಳಿದ: "ಇಷ್ಟು ಕಷ್ಟದಲ್ಲಿದ್ದೀರಿ ಅಂತ ಒಂದು ಮಾತು ಹೇಳ್ಬಾರ್ದಿತ್ತಾ, ಮದರ್? ನಾವು ಪಕ್ಕದಲ್ಲೇ ಇದ್ವಲ್ಲ."

ಮೇರ್ಸಿ ತಟ್ಟೆ ಕೆಳಗಿಟ್ಟಳು, ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡು ಸಿಸ್ಟರ್ ಆಗ್ನೆಸ್ ಮುಂದೆ ಬಂದು ನಿಂತಳು.

"ಸಿಸ್ಟರ್, ಬೀಗದ ಕೈ ಕೊಡಿ. ನಾಳೆ ನೀವು ಸ್ವಲ್ಪ ಹೊತ್ತು ಮಲಗಿ."

ಸಿಸ್ಟರ್ ಸೊಂಟದಿಂದ ಗೊಂಚಲು ಬಿಚ್ಚಿ ಕೊಟ್ಟರು.

ಮರುದಿನ ಚರ್ಚಿನಲ್ಲಿ ಹಬ್ಬದ ಬಲಿಪೂಜೆ ಮುಗಿಸಿ ಊರುಗೋಲಿನ ಮೇಲೆ ನಾನು ತಲುಪಿದಾಗ ಡಿಸ್ಪೆನ್ಸರಿಯ ಬಾಗಿಲು ತೆರೆದಿತ್ತು. ಆರೂ ಮಂದಿ ಇದ್ದರು. ಹೊಳೆಯಾಚೆಯಿಂದ ಬಂದಿದ್ದ ಅಜ್ಜಿಯ ಕೈ ಹಿಡಿದುಕೊಂಡು ಮೇರ್ಸಿ ಶಿಲುಬೆಯ ಗುರುತು ಹಾಕಿ ಪ್ರಾರ್ಥನೆ ಶುರು ಮಾಡಿದಳು. ಜೀವಮಾನದಲ್ಲಿ ಎಷ್ಟೋ ಪ್ರಾರ್ಥನೆಗೆ 'ಆಮೆನ್' ಹೇಳಿದ್ದೇನೆ. ಅಂದು ಹೇಳಿದಷ್ಟು ಗಟ್ಟಿಯಾಗಿ ಎಂದೂ ಹೇಳಿಲ್ಲ.

ಮುಚ್ಚುವ ಮಾತು ಅಲ್ಲಿಗೆ ಮುಗಿಯಿತು. ಮದರ್ ಡಿಸ್ಪೆನ್ಸರಿಯನ್ನು ಧರ್ಮಕೇಂದ್ರದ ಶ್ರೀಸಾಮಾನ್ಯರ ಸಮಿತಿಗೆ ವಹಿಸಿಕೊಟ್ಟರು. ಮಳೆಗಾಲದಲ್ಲಿ ಹೊಳೆ ತುಂಬಿ ಜ್ವರ ಹರಡಿದಾಗಲೂ ಒಂದು ದಿನ ಬಾಗಿಲು ಹಾಕಲಿಲ್ಲ. ಈಗ ಪನಮರಂ ಮತ್ತು ವೆಳ್ಳಮುಂಡದ ಕಡೆಯಿಂದಲೂ ಶ್ರೀಸಾಮಾನ್ಯರು ಕಲಿಯಲು ಬರುತ್ತಿದ್ದಾರೆ. ಮೊದಲ ತರಗತಿಯನ್ನು ಸಿಸ್ಟರ್ ಆಗ್ನೆಸ್ ತೆಗೆದುಕೊಳ್ಳುತ್ತಾರೆ. ಮಠದ ಕಷ್ಟವನ್ನು ಮುಚ್ಚಿಡದೆ ಹೇಳುತ್ತಾರೆ, ಸಹಾಯ ಕೇಳುತ್ತಾರೆ. ಗಾಯ ತೊಳೆಯುವುದನ್ನು ಎರಡನೆಯ ತರಗತಿಯಲ್ಲಿ ನಾನು ಕಲಿಸುತ್ತೇನೆ, ಹೊತ್ತಿಗೆ ಸರಿಯಾಗಿ.

ಒಬ್ಬ ಮುಂದಾಳಿಗಾಗಿ ಬೇಡಿದವಳಿಗೆ ಪ್ರಭು ಆರು ಮಂದಿಯನ್ನು ಕೊಟ್ಟ. ಅದನ್ನು ನಾನು ಕಣ್ಣಾರೆ ಕಾಣಲೆಂದು ಕಾಲು ಸ್ಟೂಲಿನ ಮೇಲಿಟ್ಟು ಕೂರಿಸಿದ. ಸಂತ ಜೋಸೆಫರಿಗೆ ಕೋಟಿ ವಂದನೆ. ನಿಮ್ಮ ಊರಿನಲ್ಲೂ ಸೇವೆಯ ಬಾಗಿಲೊಂದು ಮುಚ್ಚುವಂತೆ ಕಂಡರೆ ಅವರನ್ನು ಬೇಡಿಕೊಳ್ಳಿ, ಕೂಡಲೇ ಎದ್ದು ಹೋಗಿ ಪಕ್ಕದ ಮನೆಯವರಿಗೂ ಹೇಳಿ. ಪ್ರಭುವಿಗೆ ಸದಾ ಸ್ತುತಿ ಸಲ್ಲಲಿ.