ಶಾಂತಲಾ ಹಿಡಿದ ಪಟ್ಟು

ಅಶ್ವತ್ಥಪ್ಪನವರ ಮಗಳು ಶಾಂತಲಾಗೆ ಕುಸ್ತಿಯ ಹುಚ್ಚು ಹತ್ತಿದ್ದು ಒಂದು ಸಣ್ಣ ಕಿಟಕಿಯಿಂದ. ಆಗ ಯಲಹಂಕದ ಹತ್ತಿರದ ಅವರ ಊರು ಸಿಂಗಾಪುರ ಇನ್ನೂ ಹಳ್ಳಿಯಾಗಿತ್ತು. ಕೆರೆ ಏರಿಯ ಕೆಳಗೆ ಗರಡಿಮನೆಯಿತ್ತು, ಅದಕ್ಕೆ ಅಶ್ವತ್ಥಪ್ಪನವರೇ ಉಸ್ತಾದರು. ಒಳಗಿನ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡುತ್ತಿದ್ದರು. ಬೆಳಿಗ್ಗೆ ಶಾಲೆಗೆ ಹೊರಟ ಶಾಂತಲಾ ಹಿಂದುಗಡೆಯ ಕಿಟಕಿಗೆ ಗಲ್ಲ ಆನಿಸಿ ನಿಂತರೆ ಆ ಮಣ್ಣಿನ ವಾಸನೆ ಮೂಗಿಗೆ ಅಡರುತ್ತಿತ್ತು. ಅಪ್ಪ ಒಬ್ಬನ ತೋಳು ಹಿಡಿದು, ಸೊಂಟ ಕೊಟ್ಟು, ಹೂವಿನ ಬುಟ್ಟಿ ಇಳಿಸುವಷ್ಟು ಸಲೀಸಾಗಿ ಅವನನ್ನು ನೆಲಕ್ಕೆ ಇಳಿಸುವುದನ್ನು ನೋಡುತ್ತ ಅವಳು ಶಾಲೆಯ ಗಂಟೆಯನ್ನೇ ಮರೆಯುತ್ತಿದ್ದಳು.

ಒಂದು ದಿನ ತಡೆಯಲಾರದೆ ಒಳಗೇ ನುಗ್ಗಿದಳು. ಅಪ್ಪ ಬೈಯಲಿಲ್ಲ. ಮಣ್ಣಾಗಿದ್ದ ಕೈಯಲ್ಲೇ ಎತ್ತಿಕೊಂಡು ಬಂದು ಹೊಸ್ತಿಲಾಚೆ ಇಳಿಸಿದರು.

"ಎಣ್ಮಕ್ಳು ಇಲ್ಗೆ ಬರಂಗಿಲ್ಲ ಕಣಮ್ಮ. ಓಗು, ಮನೇಗೆ ಓಗು."

ಅಣ್ಣ ಆಂಜಿನಪ್ಪನನ್ನು ಮಾತ್ರ ಬಲವಂತವಾಗಿ ಕರೆದೊಯ್ದರು. ಅವನಿಗೆ ಅದು ಒಗ್ಗಲಿಲ್ಲ; ಸ್ವಲ್ಪ ಕಾಲ ಅತ್ತೂ ಕರೆದೂ ಬಿಟ್ಟೇಬಿಟ್ಟ. ಬೇಡ ಅನ್ನುವವನಿಗೆ ಸಿಕ್ಕಿದ್ದು ತನಗೆ ಸಿಗಲಿಲ್ಲವಲ್ಲ ಎಂಬ ಸಂಕಟ ಶಾಂತಲಾಳ ಹೊಟ್ಟೆಯಲ್ಲೇ ಉಳಿಯಿತು.

ವರ್ಷಗಳು ಉರುಳಿದವು. ಗರಡಿಮನೆ ಇದ್ದ ಕಡೆ ಮೂರಂತಸ್ತಿನ ಬಿಲ್ಡಿಂಗ್ ಎದ್ದಿತು. ಶಾಂತಲಾ ಮದುವೆಯಾಗಿ ಯಲಹಂಕಕ್ಕೆ ಹೋದಳು, ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆದಳು. ಕೊರೋನಾ ಕಳೆದ ಮರುವರ್ಷ ಅಪ್ಪನೂ ಹೋದರು. ಕೊನೆಗಾಲದಲ್ಲಿ ಅವರ ಕಾಲು ಒತ್ತುವಾಗಲೂ, "ನಂಗೊಂದ್ ಪಟ್ಟು ಹೇಳ್ಕೊಡಪ್ಪ" ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯುತ್ತಿತ್ತು.

ಆಮೇಲೊಂದು ದಿನ ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ನಿಂತಿದ್ದ ದಪ್ಪನೆಯ ಹೆಂಗಸೊಬ್ಬರು ಮುಂದಕ್ಕೆ ಮುಗ್ಗರಿಸಿದರು. ಶಾಂತಲಾ ಯೋಚಿಸಲಿಲ್ಲ. ಮೊಣಕಾಲು ಬಗ್ಗಿಸಿ, ಅವರ ಸೊಂಟ ತಬ್ಬಿ, ತನ್ನ ಸೊಂಟದ ಮೇಲೆ ಭಾರ ತಗೊಂಡು ನಿಲ್ಲಿಸಿದಳು. "ಏನ್ ಶಕ್ತಿ ಕಣ್ರೀ ನಿಮ್ಗೆ!" ಎಂದು ಅವರು ಕೈಮುಗಿದರು. ಶಾಂತಲಾಗೆ ಮೈಯೆಲ್ಲ ಜುಮ್ಮೆಂದಿತು. ಯಾರೂ ಕಲಿಸದ ಆ ನಿಲುವು ಕಿಟಕಿಯಾಚೆಯಿಂದ ಬಂದದ್ದೆಂದು ಅವಳಿಗೆ ಗೊತ್ತಿತ್ತು.

ಅಂದು ಸಂಜೆ ಗಂಡ ಗಿರಿಗೆ ಹೇಳಿದಳು: "ರೀ, ನಾನು ಕಲೀಬೇಕು."

"ಏನು, ಕುಸ್ತಿನಾ? ಈ ವಯಸ್ಸಲ್ಲಾ?" ಗಿರಿ ನಕ್ಕ. ಹೆಂಡತಿ ನಗಲಿಲ್ಲವೆಂದು ಕಂಡು ನಗು ನಿಲ್ಲಿಸಿದ. "ಕಲಿ. ಆದ್ರೆ ಜಾಗ ನೋಡ್ಕೊಂಡು ಸೇರು ಕಣೆ. ಮೈ ಕೈ ಮುರ್ಕೊಂಡ್ರೆ ಡ್ಯೂಟಿಗೇನ್ ಮಾಡ್ತೀಯ?"

ಹೆಂಗಸರಿಗೆ ಕುಸ್ತಿ ಕಲಿಸುವ ಗರಡಿ ಹತ್ತಿರದಲ್ಲೆಲ್ಲೂ ಸಿಗಲಿಲ್ಲ. ರಾಜಾನುಕುಂಟೆ ಕಡೆಯ ಹಳ್ಳಿಯೊಂದರಲ್ಲಿ ಗರಡಿ ಉಳಿದಿದೆಯೆಂದು ಕೇಳಿ ಹೋದರೆ, ಬಾಗಿಲಿಗೆ ತುಕ್ಕು ಹಿಡಿದ ಬೀಗ. ಕುಸ್ತಿ ಇಲ್ಲದಿದ್ದರೆ ಬೇರೇನಾದರೂ ಇರಲಿ ಎಂದು ವಾರದ ರಜೆಯಲ್ಲಿ ಒಂದೊಂದೇ ಶಾಲೆ ನೋಡತೊಡಗಿದಳು.

ಮೊದಲು ಹೋದದ್ದು ಮನೆ ಹತ್ತಿರದ ಟೇಕ್ವಾಂಡೋ ಕ್ಲಾಸಿಗೆ. "ಮಗೂಗೆ ಎಷ್ಟು ವಯಸ್ಸು ಮೇಡಂ?" ಎಂದು ಕೇಳಿದರು. ತನಗೇ ಅಂದಾಗ, "ಪರವಾಗಿಲ್ಲ, ಬೇಗ ಬೇಗ ಬೆಲ್ಟ್ ಕೊಡಿಸ್ತೀವಿ" ಎಂದರು. ಕಲಿಯುವ ಮೊದಲೇ ಕೊಡುವ ಬೆಲ್ಟು ಕಟ್ಟಿಕೊಂಡು ಏನು ಮಾಡುವುದು? ಆರ್.ಟಿ. ನಗರದ ಆತ್ಮರಕ್ಷಣೆ ತರಬೇತಿಯ ಜಾಗದಲ್ಲಿ ಗಾಜಿನ ಬಾಗಿಲಿಗೆ ಕಪ್ಪು ಕಾಗದ ಅಂಟಿಸಿದ್ದರು. "ಒಂದು ಕ್ಲಾಸ್ ಕೂತು ನೋಡ್ಲಾ?" ಅಂದರೆ, "ಸೇರಿದ ಮೇಲೆ ನೋಡಿ" ಎಂಬ ಉತ್ತರ. ಒಳಗೆ ಯಾರೋ ಹುಡುಗಿಯನ್ನು ಗದರಿಸುವ ದನಿ ಕೇಳುತ್ತಿತ್ತು. ಶಾಂತಲಾ ಅಲ್ಲಿಂದಲೇ ಮೆಟ್ಟಿಲಿಳಿದಳು.

ಯಲಹಂಕ ನ್ಯೂ ಟೌನಿನಲ್ಲಿ ಮುರುಗೇಶ್ ಎಂಬುವವರು ಕರಾಟೆ ಹೇಳಿಕೊಡುತ್ತಿದ್ದರು. ಅವರು ಅವಳನ್ನು ಕೂರಿಸಿ ಪೂರ್ತಿ ಕ್ಲಾಸ್ ತೋರಿಸಿದರು. ಮಕ್ಕಳ ಅಪ್ಪ ಅಮ್ಮಂದಿರೂ ಪಕ್ಕದಲ್ಲೇ ಕೂತಿದ್ದರು. ಎಲ್ಲ ಒಪ್ಪವಾಗಿತ್ತು. ಆದರೆ ಶಾಂತಲಾಳ ಮುಖದಲ್ಲಿ ಬೆಳಕಿರಲಿಲ್ಲ.

"ಹೇಳಿಮ್ಮಾ, ನಿಮ್ಗೆ ನಿಜವಾಗ್ಲೂ ಏನ್ ಬೇಕು?" ಎಂದು ಮುರುಗೇಶ್ ಕೇಳಿದರು.

"ಇಲ್ಲಿ ದೂರ ನಿಂತು ಹೊಡೀತಾರೆ ಸಾರ್. ನಂಗೆ... ಹಿಡೀಬೇಕು. ಹಿಡಿದು ಎತ್ತಬೇಕು." ಅಷ್ಟು ಹೇಳಿ ನಾಚಿದಳು. ಆಮೇಲೆ ಅಪ್ಪನ ಕಥೆಯನ್ನೂ ಹೇಳಿದಳು.

ಮುರುಗೇಶ್ ಪೂರ್ತಿ ಕೇಳಿಸಿಕೊಂಡರು. "ಹಂಗಾದ್ರೆ ನನ್ ಹತ್ರ ಸೇರ್ಬೇಡಿ. ನಿಮ್ಗೆ ಬೇಕಾಗಿರೋದು ಜೂಡೋ. ಹೆಬ್ಬಾಳದಲ್ಲಿ ಮೆಹಬೂಬ್ ಬೀ ಅಂತ ಇದಾರೆ, ಭಾನುವಾರ ಹೆಂಗಸ್ರಿಗೇ ಹೇಳ್ಕೊಡ್ತಾರೆ. ನನ್ ಹೆಸ್ರು ಹೇಳಿ."

ಬಂದ ಗಿರಾಕಿಯನ್ನು ಇನ್ನೊಬ್ಬರ ಬಳಿ ಕಳಿಸುವ ಮನುಷ್ಯನ ಮಾತು ನಂಬಬಹುದು ಅನ್ನಿಸಿತು ಅವಳಿಗೆ.

ಮೆಹಬೂಬ್ ಬೀಗೆ ಐವತ್ತು ದಾಟಿತ್ತು. ತಲೆಗೆ ಬಿಗಿಯಾಗಿ ವಸ್ತ್ರ ಸುತ್ತಿಕೊಂಡು, ಮ್ಯಾಟು ಹಾಸಿದ ಹಾಲಿನ ನಡುವೆ ನಿಂತಿದ್ದರು. ಬೆಲ್ಟಿನ ಮಾತೇ ಎತ್ತಲಿಲ್ಲ. ಮಂಡಿ ನೋವಿದೆಯಾ, ಬಿಪಿ ಇದೆಯಾ, ಡಾಕ್ಟರನ್ನು ಕೇಳಿದೆಯಾ ಎಂದು ವಿಚಾರಿಸಿದರು. ಬಸ್ಸಿನಲ್ಲಿ ನಿಂತೂ ನಿಂತೂ ಸೊಂಟ ಹಿಡಿದುಕೊಂಡಿದೆಯೆಂದು ತಿಳಿದಾಗ, "ಮೊದ್ಲು ಬೀಳೋದು ಕಲಿ ಅಮ್ಮ. ಎತ್ತೋದು ಆಮೇಲೆ" ಎಂದರು.

ಶಾಂತಲಾ ಬಿದ್ದಳು. ಮಳೆಗಾಲ ಪೂರ್ತಿ ಬಿದ್ದಳು. ಗದ್ದ ಎದೆಗೆ ಒತ್ತಿ, ಅಂಗೈಯಿಂದ ಮ್ಯಾಟಿಗೆ ಬಡಿದು, ಹಿಂದಕ್ಕೆ, ಪಕ್ಕಕ್ಕೆ, ಉರುಳಿ ಬಿದ್ದಳು. ಜೊತೆಗಿದ್ದ ಕಾಲೇಜು ಹುಡುಗಿ ಸಂಯುಕ್ತಾ ಅವಳನ್ನು ಎತ್ತಿ ಹಾಕಿದಾಗಲೆಲ್ಲ "ಸಾರಿ ಆಂಟಿ" ಅನ್ನುತ್ತಿದ್ದಳು. ಮ್ಯಾಟು ರಬ್ಬರಿನ ವಾಸನೆ ಹೊಡೆಯುತ್ತಿತ್ತು. ಬಿದ್ದಲ್ಲೇ ಮುಖ ಒತ್ತಿ ಅವಳು ಒಮ್ಮೊಮ್ಮೆ ಆಳವಾಗಿ ಉಸಿರೆಳೆದುಕೊಳ್ಳುವಳು. ಅವಳು ಹುಡುಕುವ ವಾಸನೆ ಅಲ್ಲಿರಲಿಲ್ಲ. ಹಾಗೆಂದು ಬಿಟ್ಟು ಹೋಗಲೂ ಮನಸ್ಸು ಬರುತ್ತಿರಲಿಲ್ಲ.

ಚಳಿ ಶುರುವಾದ ಮೇಲೆ ಒಂದು ಭಾನುವಾರ, ಸಂಯುಕ್ತಾಳ ತೋಳು ಹಿಡಿದು ಒಳಗೆ ತಿರುಗಿ ಸೊಂಟ ಕೊಟ್ಟಳು. ಹುಡುಗಿಯ ಭಾರ ಬೆನ್ನ ಮೇಲೆ ಬಂತು, ಮರುಗಳಿಗೆ ಭಾರವೇ ಇಲ್ಲದಂತಾಯಿತು. ಧೊಪ್ಪೆಂದು ಮ್ಯಾಟು ಸದ್ದು ಮಾಡಿತು. ಸಂಯುಕ್ತಾ ಮಲಗಿದಲ್ಲಿಂದಲೇ ಚಪ್ಪಾಳೆ ತಟ್ಟಿದಳು.

ಬಸ್ ಸ್ಟಾಪಿಗೆ ಬಂದು ಶಾಂತಲಾ ಅಣ್ಣನಿಗೆ ಫೋನು ಮಾಡಿದಳು.

"ಅಣ್ಣ, ಇವತ್ತು ಒಬ್ಳನ್ನ ಎತ್ತಿ ಹಾಕ್ದೆ."

ಆಂಜಿನಪ್ಪ ಹೇಳಿದ: "ಅಪ್ಪಂಗೆ ಹೇಳ್ಬೇಕಿತ್ತು ಕಣೆ."

"ಖುಷಿ ಪಡ್ತಿದ್ರಾ?"

"ಗೊತ್ತಿಲ್ಲ. ಮೊದ್ಲು ಸಿಡುಕ್ತಿದ್ರು. ಆಮೇಲೆ ಯಾವ್ ಪಟ್ಟು ಅಂತ ಕೇಳ್ತಿದ್ರು."

ಶಾಂತಲಾ ನಕ್ಕಳು. ಯಲಹಂಕದ ಬಸ್ಸು ಬಂದು ನಿಂತಿತು. ಹತ್ತಲಿಲ್ಲ.

"ಮುಂದಿನ ಭಾನ್ವಾರ ನಾನ್ ಬರ್ಲಾ, ನೋಡಕ್ಕೆ?" ಎಂದ ಅಣ್ಣ.

"ಬಾ" ಎಂದಳು.

ಅವನು ಬಂದ. ಬೆಂಚಿನ ಮೇಲೆ ಕೂತು ಕೊನೆಯವರೆಗೂ ನೋಡಿದ. ಶಾಂತಲಾಗೆ ಸಂತೋಷವೇನೋ ಆಯಿತು. ಆದರೂ ಕಣ್ಣು ಮಾತ್ರ ಅವನ ಪಕ್ಕದ ಖಾಲಿ ಜಾಗಕ್ಕೇ ಹೋಗುತ್ತಿತ್ತು.

"ಶಾಂತಲಾ, ಎದುರಿಗಿರೋಳ್ನ ನೋಡಮ್ಮ," ಎಂದರು ಮೆಹಬೂಬ್ ಬೀ, ಮೆಲ್ಲಗೆ.

ಅವಳು ಸೆರಗಿಲ್ಲದ ಜೂಡೋ ಅಂಗಿಯ ಹೆಗಲಿಗೆ ಕಣ್ಣೊರೆಸಿಕೊಂಡು ಸಂಯುಕ್ತಾಳ ತೋಳು ಹಿಡಿದಳು.