ಬೊರ್ತೊಲೊ ಕಾಯದೆ ಹೋದ ದಿನ

ನನ್ನ ಅಕ್ಕ ಎರ್ಸಿಲಿಯಾಳ ಗಂಡ ಬೊರ್ತೊಲೊ ರಿನಾಲ್ದಿ ಹನ್ನೊಂದು ವರ್ಷ ಸೈಕಲ್ ಪಂದ್ಯಗಳಲ್ಲಿ ದುಡಿದ. ಗೆಲ್ಲುವುದು ಅವನ ಕೆಲಸವಾಗಿರಲಿಲ್ಲ. ತಂಡದ ನಾಯಕ ಸಾಂತೀನಿಗೆ ಎದುರುಗಾಳಿ ತಾಗದಂತೆ ಮುಂದೆ ತುಳಿಯಬೇಕು, ಅವನ ಚಕ್ರ ಪಂಕ್ಚರಾದರೆ ತನ್ನದನ್ನು ಬಿಚ್ಚಿಕೊಡಬೇಕು, ದಾರಿಯಲ್ಲಿ ಸಿಕ್ಕ ಬಾರಿಗೆ ನುಗ್ಗಿ ತಂಡದವರ ಬಾಯಾರಿಕೆಗೆ ಕೈಗೆ ಬಂದ ಬಾಟಲಿಗಳನ್ನು ಬಾಚಿಕೊಂಡು ಓಡಬೇಕು. ನಾನೂ ಬಾರು ಇಟ್ಟವನೇ. ಇಂಥ ಪುಣ್ಯಾತ್ಮರು ಎರಡು ಸಲ ನನ್ನ ಅಂಗಡಿ ಬರಿದು ಮಾಡಿದ್ದಾರೆ. ಬೈದಿದ್ದೇನೆ, ಅಡ್ಡ ಮಾತ್ರ ನಿಂತಿಲ್ಲ.

ಭಾವನಿಗೆ ಮೂವತ್ತಮೂರು ತುಂಬಿದ ವರ್ಷ ತಂಡದ ಮಾಲೀಕ ಮುಖಕ್ಕೆ ಹೊಡೆದ ಹಾಗೆ ಹೇಳಿದ: "ಈ ಸಲ ಒಂದಾದ್ರೂ ಗೆದ್ದು ತೋರ್ಸು. ಇಲ್ದಿದ್ರೆ ಮುಂದಿನ ವರ್ಷ ನಿನಗೆ ಜಾಗ ಇಲ್ಲ." ಜಾಗ ಹೋದರೆ ಉಳಿಯುವುದು ಊರಿನ ಕಲ್ಲುಗಣಿ. ಅವನಪ್ಪ ಅದೇ ಗಣಿಯ ದೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತವನು.

ಆ ಜೂನ್‌ನಲ್ಲಿ ಇಟಲಿ ಸುತ್ತುವ ಪಂದ್ಯ ನಮ್ಮೂರು ರೊವಾಸ್ಕೊವನ್ನು ಹಾದು ಹೋಗುವುದಿತ್ತು. ಸವಾರರಲ್ಲಿ ಒಂದು ಪದ್ಧತಿ ಇದೆ. ಯಾರ ಊರು ಬರುತ್ತದೋ ಅವನನ್ನು ಗುಂಪು ಮುಂದೆ ಬಿಡುತ್ತದೆ. ಅವನು ಮನೆಯವರಿಗೆ ಮುತ್ತು ಕೊಟ್ಟು, ಗುಂಪು ಬರುವ ತನಕ ಅಲ್ಲೇ ಕಾಯಬೇಕು. ಇದು ಬರೆದಿಟ್ಟ ನಿಯಮವಲ್ಲ, ಮಾತು ಅಷ್ಟೇ. ಅವತ್ತು ಉಳಿದ ತಂಡದವರನ್ನೆಲ್ಲ ಕೇಳಿ ಒಪ್ಪಿಸಿದವನು ಸಾಂತೀನಿ.

ಭಾವ ಒಬ್ಬನೇ ಬಂದ. ಬಾರಿನ ಮುಂದೆ ಒಂದು ಕಾಲು ನೆಲಕ್ಕೂರಿ ಅಕ್ಕನನ್ನು ತಬ್ಬಿಕೊಂಡ, ಮಗಳ ಕೆನ್ನೆಗೆ ದೂಳು ಮೆತ್ತಿದ. ನನ್ನ ಕಿವಿ ಒಳಗಿನ ರೇಡಿಯೋ ಮೇಲೆ. ಗುಂಪು ಐದು ನಿಮಿಷ ಹಿಂದಿತ್ತು. ಗುರಿ ಇನ್ನು ನಲವತ್ತು ಕಿಲೋಮೀಟರ್.

"ಭಾವ, ಐದು ನಿಮಿಷ! ಹೊರಡು!"

"ಸುಮ್ನಿರೋ. ಮಾತು ಕೊಟ್ಟಿದ್ದೀನಿ."

"ಮಾತು ಹಿಡ್ಕೊಂಡು ಗಣಿಗೆ ಹೋಗ್ತೀಯಾ?" ಎಂದೆ. ಊರೇ ಕೂಗತೊಡಗಿತು. ನಮ್ಮ ಪಾದ್ರಿ ಕೂಡ ಟೋಪಿ ಬೀಸಿ, "ಹೋಗಪ್ಪ, ದೇವರು ನೋಡ್ಕೋತಾನೆ!" ಎಂದರು. ಅಕ್ಕ ಮಾತ್ರ ಮಗಳನ್ನು ಎತ್ತಿಕೊಂಡು ಹಿಂದೆ ಸರಿದಳು. ರೇಡಿಯೋ ನಾಲ್ಕು ನಿಮಿಷ ಎಂದಿತು. ನನಗೆ ತಡೆಯಲಾಗಲಿಲ್ಲ. ಸೀಟು ಹಿಡಿದು ತಳ್ಳಿಕೊಂಡು ಓಡಿದೆ. ಅವನು ಒಮ್ಮೆ ತಿರುಗಿ ನನ್ನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ ತುಳಿಯತೊಡಗಿದ.

ಆ ಒಂದು ಗಂಟೆ ಬಾರಿನಲ್ಲಿ ಯಾರೂ ಕುಡಿಯಲಿಲ್ಲ. ಗುಂಪು ರೇಗಿ ಬೆನ್ನು ಹತ್ತಿತ್ತು. ಮೂರು ನಿಮಿಷ. ಘಾಟಿಯ ನೆತ್ತಿಯಲ್ಲಿ ಒಂದೂವರೆ. ಇಳಿಜಾರಿನಲ್ಲಿ ನಲವತ್ತು ಸೆಕೆಂಡು. ಅಕ್ಕ ಮೇಜಿನ ಅಂಚು ಹಿಡಿದುಕೊಂಡು ನಿಂತೇ ಇದ್ದಳು. ಹನ್ನೊಂದು ಸೆಕೆಂಡಿನ ಅಂತರದಲ್ಲಿ ಭಾವ ಗೆದ್ದ. ನಾವು ಕುಣಿದೆವು. ನಾನಂತೂ ಅತ್ತುಬಿಟ್ಟೆ.

ಆ ಸಂಜೆ ಅವನು ಕ್ಷಮೆ ಕೇಳಲು ನಾಯಕನ ಕೋಣೆಗೆ ಹೋದನಂತೆ. ಸಾಂತೀನಿ ಬೈಯಲಿಲ್ಲ. "ನಿನ್ನ ಪರವಾಗಿ ಮಾತು ಕೊಟ್ಟೋನು ನಾನು ಕಣಯ್ಯ. ಇನ್ಮೇಲೆ ಯಾರ ಪರವಾಗಿ ಕೇಳ್ಲಿ?" ಎಂದು ದೀಪ ಆರಿಸಿದ.

ಮಾಲೀಕ ಖುಷಿಯಿಂದ ಎರಡು ವರ್ಷಕ್ಕೆ ಸಹಿ ಹಾಕಿಸಿಕೊಂಡ. ಆದರೆ ಗುಂಪಿನಲ್ಲಿ ಯಾರೂ ಭಾವನಿಗೆ ಜಾಗ ಬಿಡಲಿಲ್ಲ, ಒಂದು ಗುಟುಕು ನೀರು ಕೊಡಲಿಲ್ಲ. ಶರತ್ಕಾಲದ ಹೊತ್ತಿಗೆ ತಾನೇ ಕೆಲಸ ಬಿಟ್ಟು ಬಂದು ಗಣಿಗೆ ಸೇರಿದ. ನಾನು ತಳ್ಳಿದ್ದನ್ನು ಪತ್ರಿಕೆಯವರ ಮುಂದೆ ಅವನೂ ಬಾಯಿಬಿಡಲಿಲ್ಲ, ನಾನೂ ಬಿಡಲಿಲ್ಲ.

ಎರಡು ಬೇಸಿಗೆ ಕಳೆದು ಪಂದ್ಯ ಮತ್ತೆ ನಮ್ಮೂರಿಗೆ ಬಂತು. ಈಗ ಸವಾರರಲ್ಲಿ ನಮ್ಮೂರಿನ ತುಲ್ಲಿಯೊ ಇದ್ದ. ಅವನ ತಾಯಿ ನೊರೀನಾ ಹಬ್ಬದ ಬಟ್ಟೆ ಉಟ್ಟು ಬೆಳಗಿನಿಂದ ರಸ್ತೆಯಲ್ಲೇ ನಿಂತಿದ್ದಳು. ಯಾರೂ ಮೊದಲು ಬರಲಿಲ್ಲ. ಇಡೀ ಗುಂಪು ಒಟ್ಟಿಗೆ ಭರ್ರೆಂದು ಹೋಯಿತು. ತನ್ನನ್ನು ಮುಂದೆ ಬಿಡಿ ಎಂದು ತುಲ್ಲಿಯೊ ಕೇಳಿದ್ದಕ್ಕೆ ಉಳಿದ ಸವಾರರು, "ಆ ಊರಿಗಾ? ಆಗಲ್ಲ" ಎಂದರಂತೆ.

"ನನ್ನ ಮಗ ಯಾವನಪ್ಪ ಅದ್ರಲ್ಲಿ? ನಿಂಗೆ ಕಂಡ್ನಾ ಬೊರ್ತೊಲೊ?" ಎಂದು ನೊರೀನಾ ಕೇಳಿದಳು.

"ಅವತ್ತು ಇವನನ್ನ ತಳ್ಳಿದ್ದು ನಾನಮ್ಮ. ತಪ್ಪು ನಂದು," ಎಂದೆ.

ಭಾವ ನನ್ನ ಭುಜದ ಮೇಲೆ ಕೈಯಿಟ್ಟ. "ನೀನು ತಳ್ಳಿದ್ದು ಹತ್ತು ಹೆಜ್ಜೆ ಕಣೋ," ಎಂದ. "ಉಳಿದ ನಲವತ್ತು ಕಿಲೋಮೀಟರ್ ತುಳಿದೋನು ನಾನು."